ಯುರೋಪಿನ ತಾಲೀಮು

ನಮ್ಮ ಪಡಸಾಲೆಯ ಬಾಗಿಲ ಹಿಂದೆ ಒಂದು ಗೂಟವಿದೆ. ನಮ್ಮ ಯಜಮಾನರು ಇದ್ದಾಗ ಅವರ ರುಮಾಲು, ಅವರು ಹೋದ ಮೇಲೆ ನನ್ನ ಕೊಡೆ, ಹೀಗೆ ಹಗುರವಾದದ್ದೇ ಆ ಗೂಟಕ್ಕೆ ರೂಢಿ. ಈ ಬೇಸಿಗೆಯಲ್ಲಿ ಅದಕ್ಕೆ ಒಂದು ಚೀಲ ಬಂದು ಜೋತುಬಿತ್ತು. ಚೀಲವೆಂದರೆ ಸಂತೆಯ ಚೀಲವಲ್ಲ. ಬೆನ್ನಿಗೆ ಹಾಕಿಕೊಳ್ಳುವಂಥದ್ದು, ನೆಲಕ್ಕಿಟ್ಟರೆ ನನ್ನ ಸೊಂಟ ದಾಟುವಂಥದ್ದು. ಎದೆಗೊಂದು ಪಟ್ಟಿ, ಹೊಟ್ಟೆಗೊಂದು ಪಟ್ಟಿ. ನನ್ನ ಮಗ ವೀರೇಶನದು ಜೀನ್ಸ್ ಹೊಲಿಯುವ ಶೆಡ್ಡು. ಬಳ್ಳಾರಿಯಲ್ಲಿ ಓಣಿಗೊಂದು ಅಂಥ ಶೆಡ್ಡು ಇರುತ್ತದೆ, ಅದೇನು ಹೊಸ ಮಾತಲ್ಲ. ಅಲ್ಲಿ ಉಳಿದ ತುಂಡುಗಳನ್ನೆಲ್ಲ ಕೂಡಿಸಿ ಹೊಲಿಸಿದ ಚೀಲ ಅದು. ಒಂದು ಮಗ್ಗುಲು ಕಡುನೀಲಿ, ಇನ್ನೊಂದು ಮಗ್ಗುಲು ಒಗೆದು ಒಗೆದು ಬಿಳಿಚಿದಂಥ ನೀಲಿ, ಮುಂದೆ ಎರಡು ಪ್ಯಾಂಟಿನ ಜೇಬು. ಸಂಜೆ ದೀಪ ಹಚ್ಚುವ ಮುಂಚೆ ಆ ಬಾಗಿಲು ದಾಟುವಾಗೆಲ್ಲ ಯಾರೋ ಗಂಡಸು ಗೋಡೆಗೆ ಮುಖ ಮಾಡಿ ನಿಂತಂತೆ ಕಂಡು ನನ್ನ ಎದೆ ಝಲ್ಲೆನ್ನುತ್ತಿತ್ತು. ದಿನಾ ನೋಡುತ್ತಿದ್ದೆ, ದಿನಾ ಹೆದರುತ್ತಿದ್ದೆ. ಚೀಲಕ್ಕೇ ಇಷ್ಟು ಅಂಜುವವಳು ಆ ಚೀಲ ಹೋಗುವ ಊರುಗಳಿಗೆ ಎಷ್ಟು ಅಂಜಬೇಕು, ನೀವೇ ಹೇಳಿ.

ಚೀಲ ನನ್ನ ಮೊಮ್ಮಗಳು ಸಹನಾಳದು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದೀತು. ಆಕೆಗೆ ಜರ್ಮನಿಯಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಿದೆ! ಇಲ್ಲೇ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವಳು, ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ಆ ಸುದ್ದಿ ಬಂದ ದಿನ ನಾನು ಓಣಿ ತುಂಬ ಸಕ್ಕರೆ ಹಂಚಿದೆ. ಸೊಪ್ಪಿನವಳಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಕರೆಂಟಿನ ಮೀಟರು ನೋಡಲು ಬಂದವನನ್ನು ಕೂಡಿಸಿ ಹೇಳಿದೆ. ಅವನು ಮಜ್ಜಿಗೆ ಕುಡಿಯುತ್ತ, ‘ಜರ್ಮನಿ ಯಾವ ಕಡಿ ಆತಮ್ಮಾ?’ ಎಂದು ಕೇಳಿದ. ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು. ನಮ್ಮ ಕಾಲಕ್ಕೆ ಭೂಗೋಳ ಮದ್ರಾಸಿನ ತನಕ ಬಂದಿತ್ತು, ಅಲ್ಲಿಗೆ ನನಗೆ ಸೀರೆ ಉಡಿಸಿದರು. ಆದರೂ ಬಿಡಲಿಲ್ಲ, ಕೈ ಎತ್ತಿ ನಮ್ಮೂರಿನದೇ ಕೌಲ್ ಬಜಾರಿನ ಕಡೆ ತೋರಿಸಿದೆ. ಅವನೂ ಆ ಕಡೆ ನೋಡಿ, ‘ದೂರ ಐತಿ ಬಿಡ್ರಿ’ ಎಂದು ತಲೆಯಾಡಿಸಿದ.

ಓದಲು ಹೋಗುವುದಷ್ಟೇ ಆಗಿದ್ದರೆ ನನ್ನ ಸಂತೋಷಕ್ಕೆ ಯಾವ ತೊಡಕೂ ಇರಲಿಲ್ಲ. ಆದರೆ ಆ ಕಾಲೇಜು ಶುರುವಾಗುವುದು ದಸರೆಯ ಹೊತ್ತಿಗೆ. ಅಲ್ಲಿಯ ಬೇಸಿಗೆ ನಮ್ಮ ಆಷಾಢ, ಶ್ರಾವಣಕ್ಕೆ ಬರುತ್ತದಂತೆ. ಆಷಾಢದಲ್ಲೇ ಹೋಗಿ ಯುರೋಪೆಲ್ಲ ತಿರುಗಿ, ಆಮೇಲೆ ಕಾಲೇಜಿಗೆ ಸೇರುವುದು ಇವಳ ಲೆಕ್ಕ. ಜೊತೆಗೆ ಇಬ್ಬರು ಗೆಳತಿಯರು, ಅವರಿಗೂ ಅದೇ ದೇಶದಲ್ಲಿ ಸೀಟು. ಒಬ್ಬಳು ಕೌಲ್ ಬಜಾರಿನ ನಸ್ರೀನ್, ನನ್ನನ್ನು ದಾದಿ ಅನ್ನುತ್ತಾಳೆ, ಅವರಲ್ಲಿ ಅಜ್ಜಿಯನ್ನು ಹಾಗೇ ಕರೆಯುವುದು. ಇನ್ನೊಬ್ಬಳು ಲಾವಣ್ಯ, ಮನೆಯಲ್ಲಿ ತೆಲುಗು ಮಾತಾಡುವವರು. ಮನಸ್ಸಿನಲ್ಲಿ ಏನೂ ನಿಲ್ಲದ ಹುಡುಗಿ, ಬಂದದ್ದೆಲ್ಲ ಬಾಯಿಗೇ. ಮೂವರೂ ಸೇರಿ ತಮ್ಮ ಉಳಿತಾಯದಲ್ಲಿ, ಎಷ್ಟು ಕಡಿಮೆಗೆ ಆಗುತ್ತದೋ ಅಷ್ಟು ಕಡಿಮೆಗೆ, ಬಸ್ಸು ರೈಲು ಹಿಡಿದು ತಿರುಗುವುದು.

ಈ ಯೋಜನೆಯೆಲ್ಲ ನಡೆದದ್ದು ನನ್ನ ಮಂಚದ ಬುಡದಲ್ಲೇ. ನಮ್ಮ ಮನೆಯಲ್ಲಿ ಕೂಲರು ಇರುವುದು ನನ್ನ ಮಂಚದ ಎದುರಿಗೆ, ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ನೆಲಕ್ಕೆ ಹಾಸಿದ್ದು ಕಪ್ಪು ಕಡಪ ಬಂಡೆ. ಸಹನಾ ಸೀಮೆಸುಣ್ಣ ತಂದು ಅದರ ಮೇಲೆ ಯುರೋಪು ಬರೆದಳು. ಸ್ವಿಟ್ಜರ್‌ಲೆಂಡು ನನ್ನ ಮಂಚದ ಕಾಲಿಗೆ ಬಂತು. ಇಟಲಿ ಬಚ್ಚಲ ಬಾಗಿಲ ತನಕ ಕಾಲು ಚಾಚಿತು. ಪ್ಯಾರಿಸ್ಸು ಅಡುಗೆಮನೆಯ ಹೊಸ್ತಿಲಿಗೆ ಬಂದದ್ದರಿಂದ ನನ್ನ ಸೊಸೆ ಗಿರಿಜಾ ಹಾಲಿನ ಪಾತ್ರೆ ಹಿಡಿದು ದಿನಾ ಅದನ್ನು ದಾಟಬೇಕು.

‘ಈ ಊರು ನನ್ನ ಬಾಗಿಲಿಗೇ ಬರಬೇಕಿತ್ತೇನಲೇ?’ ಎಂದು ಅವಳು ಗೊಣಗುತ್ತಿದ್ದಳು.

‘ಅಜ್ಜೀ, ಕಾಲು ತಗಿ. ಆಸ್ಟ್ರಿಯಾ ಅಳಸ್ತೈತಿ.’

ನಾನು ಕಾಲು ಮೇಲಕ್ಕೆಳೆದುಕೊಂಡು ಕೇಳುತ್ತಿದ್ದೆ. ‘ಇಲ್ಲಿಂದ ಇಲ್ಲಿಗೆ ಹೆಂಗ ಹೋಗ್ತೀರಿ?’

‘ಬಸ್ಸಿನ್ಯಾಗ ಅಜ್ಜಿ. ರಾತ್ರಿ ಬಸ್ಸು ಹತ್ತಿದ್ರ ಮುಂಜಾನಿ ಮುಟ್ಟತೈತಿ. ರೂಮಿನ ಬಾಡಿಗಿ ಉಳೀತೈತಿ.’

‘ಮುಂಜಾನಿ ಎಲ್ಲಿ ಮುಟ್ಟತೈತಿ?’

‘ಬ್ಯಾರೆ ದೇಶಕ್ಕ.’

‘ನಿದ್ದ್ಯಾಗ ಇದ್ದಾಗ ದೇಶ ಬದಲಾಗ್ತೈತಿ? ನಿಮಗ ಗೊತ್ತೂ ಆಗಂಗಿಲ್ಲ?’

ಮೂವರೂ ನಕ್ಕರು. ನಗುವ ಮಾತೇ ಅದು? ನಮಗೆ ಆಂಧ್ರದ ಗಡಿ ದಾಟಿದರೆ ಚಹಾದ ರುಚಿಯೇ ಬೇರೆಯಾಗಿ ಎಚ್ಚರವಾಗುತ್ತದೆ.

‘ಬಸ್ಸಿಲ್ಲದ ದಿನ ಮಲಗೋದೆಲ್ಲಿ?’

‘ಹಾಸ್ಟೆಲ್ ಇರ್ತಾವ. ಒಂದು ರೂಮಿಗೆ ಎಂಟು ಮಂಚ, ಒಂದರ ಮ್ಯಾಲೊಂದು.’

‘ಎಂಟೂ ಹುಡುಗೇರಾ?’

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ‘ಹುಡುಗೇರ ರೂಮು ಬ್ಯಾರೆನ ಇರ್ತಾವ ದಾದಿ,’ ಎಂದಳು ನಸ್ರೀನ್.

‘ಅವು ಸಿಗದಿದ್ರ?’

‘ಸಿಗದಿದ್ರ ಸ್ಟೇಷನ್ನಿನ್ಯಾಗ ಕುಂದರ್ತೀವಿ ಅಜ್ಜಿ,’ ಎಂದು ಲಾವಣ್ಯ ಬಾಯಿಬಿಟ್ಟಳು. ನಸ್ರೀನ್ ಅವಳ ತೊಡೆ ಚಿವುಟಿದ್ದು ನನಗೆ ಕಂಡಿತು.

ಇಲ್ಲಿ ನನ್ನದೊಂದು ಚಟ ಹೇಳಬೇಕು. ಮನೆಯಿಂದ ಯಾರಾದರೂ ಪರವೂರಿಗೆ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವ ತನಕ ನಾನು ಕಸ ಹೊಡೆಯಗೊಡುವುದಿಲ್ಲ. ಹೋದವರ ಹಿಂದೆ ಪೊರಕೆ ಆಡಿಸಬಾರದು ಎಂದು ನಮ್ಮವ್ವ ಹೇಳಿಕೊಟ್ಟದ್ದು. ವೀರೇಶ ಬಟ್ಟೆ ಖರೀದಿಗೆ ಹೋದ ದಿನ ಮಧ್ಯಾಹ್ನದ ತನಕ ನಮ್ಮ ಮನೆ ಹಾಗೇ ಬಿದ್ದಿರುತ್ತದೆ. ಗಿರಿಜಾ ಬಂದ ಹೊಸದರಲ್ಲಿ ಮೂಗು ಮುರಿದಳು, ಈಗ ರೂಢಿಯಾಗಿದೆ. ಆವತ್ತು ಆ ನೆಲದ ಯುರೋಪು ನೋಡುತ್ತ ಅವಳೇ ಲೆಕ್ಕ ತೆಗೆದಳು.

‘ಅತ್ತಿ, ಇವರು ದಿನಾ ಒಂದೂರು ಬಿಟ್ಟು ಒಂದೂರಿಗೆ ಹೊಂಟಿರ್ತಾರ. ಒಂದೂರು ಮುಟ್ಟಿದ ಸುದ್ದಿ ಬರೂದ್ರಾಗ ಇನ್ನೊಂದೂರಿಗೆ ಹೊಂಟಿರ್ತಾರ. ಹಂಗಾದ್ರ ದಸರಾ ತನಕ ನಾನು ಪೊರಕಿ ಮುಟ್ಟಂಗಿಲ್ಲ ನೋಡ್ರಿ.’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪೊರಕೆಯ ಮಾತು ಹಾಗಿರಲಿ, ಅಷ್ಟು ದಿನ ನಾನು ಉಸಿರು ಬಿಗಿಹಿಡಿದೇ ಕೂರಬೇಕಲ್ಲ ಅನ್ನುವುದು ಆಗ ನನಗೆ ಹೊಳೆಯಿತು.

ಹೆದರಿಕೆಯ ವಿಷಯದಲ್ಲಿ ನಾನು ಹುಟ್ಟಾ ಪ್ರವೀಣೆ. ನನ್ನ ತವರು ಕುರುಗೋಡು, ಬಂಡೆಗಲ್ಲಿನ ಊರು. ಅಲ್ಲಿಯ ದೊಡ್ಡ ಬಸವಣ್ಣನ ಗುಡಿಗೆ ಅಪ್ಪನ ಜೊತೆ ಹೋದರೆ, ಆ ಕಲ್ಲಿನ ಬಸವನ ಹಿಂದಿನಿಂದ ಸುತ್ತು ಹಾಕಲು ನಾನು ಒಪ್ಪುತ್ತಿರಲಿಲ್ಲ. ಬಾಲ ಬೀಸಿದರೆ ಏನು ಗತಿ? ಮುಂದೆ ನಿಂತು ಕೈಮುಗಿದು, ಅರ್ಧ ಸುತ್ತಿಗೇ ವಾಪಸ್ಸು. ಅಪ್ಪ, ‘ಬಸವಣ್ಣ, ಇದು ಅರ್ಧ ಭಕ್ತಿದು, ತಪ್ಪು ತಿಳೀಬ್ಯಾಡ,’ ಎಂದು ನನ್ನ ಪರವಾಗಿ ಉಳಿದರ್ಧ ಸುತ್ತುತ್ತಿದ್ದ. ಆಮೇಲೆ ಮದುವೆಯಾಗಿ ಸಿರುಗುಪ್ಪಕ್ಕೆ ಬಂದೆ. ದೂರವೇನಲ್ಲ, ಈಗ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಆದರೆ ನನಗೆ ಅದೇ ಪರದೇಶ. ನಮ್ಮ ಕಡೆ ಜೋಳ, ಅಲ್ಲಿ ಭತ್ತ. ನಮ್ಮ ಕಡೆ ನೀರನ್ನು ತಲೆಯ ಮೇಲೆ ತರುತ್ತಿದ್ದೆವು, ಅಲ್ಲಿ ಕಾಲುವೆ ಬಂದು ನೀರು ಹೊಲದಲ್ಲಿ ಮಲಗಿರುತ್ತಿತ್ತು. ಮೊದಲ ಮಳೆಗೆ ಗದ್ದೆಯ ಕಪ್ಪೆಗಳೆಲ್ಲ ಒಟ್ಟಿಗೆ ವಟಗುಟ್ಟಿದಾಗ ಊರಿಗೇನೋ ಕೇಡು ಬಂತೆಂದು ನಾನು ಅತ್ತೆಯ ಸೆರಗು ಹಿಡಿದುಕೊಂಡೆ. ಅತ್ತೆ, ‘ಕಪ್ಪಿಗೆ ಅಂಜೋ ಸೊಸಿನ ಎಲ್ಲಿಂದ ತಂದ್ರಿ?’ ಎಂದು ಮನೆಮಂದಿಯನ್ನೆಲ್ಲ ಕೂಗಿ ಕರೆದು ತೋರಿಸಿದರು. ವೀರೇಶನ ಶೆಡ್ಡಿನ ಹಿಂದೆ ಬಳ್ಳಾರಿಗೆ ಬಂದು ಎಷ್ಟೋ ವರ್ಷವಾದರೂ, ಆ ಕಡೆಯ ನೆಂಟರಲ್ಲಿ ನಾನು ಇವತ್ತಿಗೂ ಕಪ್ಪಿ ಸೊಸಿ.

ಇರಲಿ, ಎಲ್ಲಿಗೋ ಹೋದೆ. ವೀರೇಶನ ಮಾತಿಗೆ ಬರುತ್ತೇನೆ.

ವೀರೇಶ ಒಂದೇ ಮಾತು ಹಿಡಿದಿದ್ದ. ‘ಓದಾಕ ಕಳಸ್ತೀನಿ. ತಿರುಗಾಕ ಕಳಸಂಗಿಲ್ಲ.’

‘ಅಪ್ಪಾ, ಓದಾಕ ಹೋದಾಗ ಅಲ್ಲಿ ಒಬ್ಬಾಕಿನ ಇರ್ತೀನಿ. ಅದಕ್ಕ ಅಂಜಿಕಿ ಇಲ್ಲ. ಮೂರು ಮಂದಿ ಕೂಡಿ ತಿರುಗಿದ್ರ ಅಂಜಿಕಿ ಬರ್ತೈತಿ?’

ಉತ್ತರ ಹೊಳೆಯದಿದ್ದಾಗ ನನ್ನ ಮಗ ಕೊರಳಿಗೆ ಹಾಕಿಕೊಂಡ ಅಳತೆಯ ಟೇಪು ತೆಗೆದು ಸುತ್ತುತ್ತಾನೆ, ಬಿಚ್ಚುತ್ತಾನೆ, ಮತ್ತೆ ಸುತ್ತುತ್ತಾನೆ. ಆವತ್ತು ಬಹಳ ಹೊತ್ತು ಸುತ್ತಿದ. ಕೊನೆಗೆ ಹೀಗೆಂದ:

‘ಆತು. ಮೊದ್ಲು ಇಲ್ಲೇ ತಾಲೀಮು ಆಗ್ಲಿ. ಎರಡು ದಿನ ಸಿರುಗುಪ್ಪ, ಕುರುಗೋಡು ತಿರುಗಿ ಬರ್ರಿ. ಅವೇ ಚೀಲ, ಅಷ್ಟರಾಗನ ಖರ್ಚು. ನೆಂಟರ ಮನಿ ಹತ್ತಂಗಿಲ್ಲ, ಫೋನ್ ಮಾಡಂಗಿಲ್ಲ. ಅವ್ವ ಜೋಡಿ ಬರ್ತಾಳ. ತಿರುಗಿ ಬಂದ ಮ್ಯಾಲೆ ಆಕಿ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ.’

‘ನಾನ್ಯಾಕಪಾ?’ ಎಂದೆ.

‘ಈ ಮನ್ಯಾಗ ನಿನಗಿಂತ ಅಂಜುಬುರುಕರು ಯಾರದಾರ? ನಿನ್ನ ಜರಡ್ಯಾಗ ಇಳಿದಿದ್ದು ಎಲ್ಯಾದ್ರೂ ಇಳೀತೈತಿ.’

ನಸ್ರೀನಳ ಅಪ್ಪ, ಸಹನಾಳನ್ನು ಕಳಿಸಿದರೆ ತಾನೂ ಕಳಿಸುತ್ತೇನೆ ಅಂದಿದ್ದ. ಲಾವಣ್ಯಳ ಅಪ್ಪ, ಅವರಿಬ್ಬರನ್ನು ಕಳಿಸಿದರೆ ತಾನೂ ಅಂದಿದ್ದ. ಹೀಗೆ ಮೂರು ಮನೆಯ ಹೂಂ ಬಂದು ನನ್ನೊಬ್ಬಳ ನಾಲಿಗೆಯ ಮೇಲೆ ಕೂತಿತು.

ತಾಲೀಮಿನ ದಿನ ಬೆಳಿಗ್ಗೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಉಗ್ಗಾಣಿ, ಮಿರ್ಚಿ ತಿಂದು ಹೊರಟೆವು. ಮೂವರ ಬೆನ್ನಿಗೂ ಅಂಥದೇ ಜೀನ್ಸಿನ ಚೀಲ. ನನ್ನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಪುಡಿಯ ಗಂಟು. ಬಸ್ಸಿನಲ್ಲೇ ಮೊದಲ ತೊಡಕು ಬಂತು. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಸಹನಾ ಒಪ್ಪಲಿಲ್ಲ. ಯುರೋಪಿನಲ್ಲಿ ಯಾರು ಪುಕ್ಕಟೆ ಕರೆದೊಯ್ಯುತ್ತಾರೆ, ಇದು ತಾಲೀಮಿಗೆ ಬರುವುದಿಲ್ಲ ಎಂದು ರೊಕ್ಕ ತೆಗೆದು ಚಾಚಿದಳು. ಕಂಡಕ್ಟರ್ ಅವಳನ್ನೂ ಚೀಲವನ್ನೂ ನೋಡಿದ.

‘ಆಂಧ್ರದವರೇನ್ರಿ?’

‘ಅಲ್ರಿ, ಬಳ್ಳಾರಿಯವರು.’

‘ಬಳ್ಳಾರಿಯವರು ರೊಕ್ಕ ಯಾಕ ಕೊಡ್ತೀರಿ? ಆಧಾರ್ ಕಾರ್ಡ್ ತೋರಸ್ರಿ, ಸುಮ್ನ ಕುಂದರ್ರಿ.’

‘ನಮಗ ಕೊಡಬೇಕು ಅನಸ್ತೈತ್ರಿ.’

‘ಕೊಡಬೇಕು ಅನಸಿದ್ರ ಗುಡಿ ಹುಂಡ್ಯಾಗ ಹಾಕ್ರಿ,’ ಎಂದು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟು ಮುಂದೆ ಹೋದ. ಕಿಟಕಿಯ ಹತ್ತಿರ ಕೂತ ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಹಾಗೆ ಹಿಡಿಯದಿದ್ದರೆ ಬಸ್ಸು ನಿಲ್ಲುವುದಿಲ್ಲ ಎಂದು ನನ್ನ ನಂಬಿಕೆ. ಆದರೂ ಹೇಳುತ್ತೇನೆ, ತೆಕ್ಕಲಕೋಟೆ ದಾಟಿ ಹಸಿರು ಕಾಣಿಸಿದಾಗ ನನ್ನ ಎದೆ ಉಬ್ಬಿತು. ನಾನೂ ಯುರೋಪಿಗೆ ಹೊರಟವಳ ಹಾಗೆಯೇ ಸೆರಗು ಸರಿಮಾಡಿಕೊಂಡೆ.

ಸಿರುಗುಪ್ಪದಲ್ಲಿ ಇಳಿದು ಹುಡುಗಿಯರು ಮಲಗಲು ಜಾಗ ವಿಚಾರಿಸಲು ಹೋದರು. ನಾನು ಗಂಟು ಮಡಿಲಲ್ಲಿಟ್ಟುಕೊಂಡು ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಅಷ್ಟರಲ್ಲಿ ನನ್ನ ಮೈದುನ ಚನ್ನಬಸಪ್ಪ ಕಂಡ. ಯಜಮಾನರ ಚಿಕ್ಕಪ್ಪನ ಮಗ, ಅಲ್ಲೇ ಎದುರಿಗೆ ಅವನ ಗೊಬ್ಬರದ ಅಂಗಡಿ.

‘ಯವ್ವಾ, ಅತ್ತಿಗೆಮ್ಮಾ! ಮನಿ ಬಿಟ್ಟು ಇಲ್ಲ್ಯಾಕ ಕುಂತೀರಿ? ನಡೀರಿ, ಏಳ್ರಿ.’

ನೆಂಟರ ಮನೆ ಹತ್ತಬಾರದು ಅನ್ನುವುದು ಕಟ್ಟಳೆ. ಏನು ಹೇಳಲಿ? ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟೆ.

‘ನಾವು ಈಗ ಯುರೋಪಿನ್ಯಾಗ ಅದೀವಪಾ. ಮಾತಾಡಸಬ್ಯಾಡ.’

ಚನ್ನಬಸಪ್ಪ ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಮುಖ ನೋಡಿದ, ತಲೆಯ ಮೇಲಿನ ಬಿಸಿಲು ನೋಡಿದ, ಮಡಿಲಲ್ಲಿದ್ದ ಗಂಟು ನೋಡಿದ. ಹಾಗೇ ತಿರುಗಿ ಮನೆಯ ಕಡೆ ಹೊರಟುಹೋದ. ಬದುಕಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಪಾರ್ವತಿ ಮೊಸರನ್ನದ ಡಬ್ಬಿ ಹಿಡಿದು ಓಡಿ ಬಂದಳು. ಬಂದವಳೇ ನನ್ನ ಕೈ ಹಿಡಿದು ಅಳಲು ಶುರುಮಾಡಿದಳು.

‘ಅಕ್ಕಾ, ವೀರೇಶ ಮನಿ ಬಿಟ್ಟು ಹೊರಗ ಹಾಕಿದನೇನು? ಗಿರಿಜಾ ಏನಂದ್ಲು? ನಮ್ಮನಿ ಇಲ್ಲೇನು, ನಡಿ.’

‘ಅಯ್ಯೋ, ಹಂಗಲ್ಲವ್ವಾ, ಇದು ತಾಲೀಮು…’

‘ಬಿಸಿಲು ಹೊಡದೈತಿ. ಮೊದ್ಲು ಮಜ್ಜಿಗಿ ಕುಡಿ.’

ಆಮೇಲೆ ಬಂದವರ ಲೆಕ್ಕ ನಾನಿಡಲಿಲ್ಲ. ಹುಡುಗಿಯರು ವಾಪಸ್ಸು ಬರುವ ಹೊತ್ತಿಗೆ ಬೆಂಚಿನ ಸುತ್ತ ನಮ್ಮ ಹಳೆಯ ಓಣಿಯೇ ನೆರೆದಿತ್ತು. ಒಬ್ಬಳು ಬೀಸಣಿಗೆ ಬೀಸುತ್ತಿದ್ದಳು. ‘ಕಪ್ಪಿ ಸೊಸಿಗೆ ಈ ವಯಸ್ಸಿನ್ಯಾಗ ಇಂಥಾ ಗತಿ ಬರಬೇಕಾ’ ಎಂದು ಮುದುಕಿಯೊಬ್ಬಳು ಮೂಗಿಗೆ ಬೆರಳಿಟ್ಟಿದ್ದಳು. ಸಹನಾ ಎಲ್ಲರಿಗೂ ತಿಳಿಸಿ ಹೇಳಿದಳು, ಯಾರೂ ನಂಬಲಿಲ್ಲ. ಲಾಡ್ಜಿನವನೂ ಸಹನಾಳ ಅಪ್ಪನ ಹೆಸರು ಕೇಳಿ, ವೀರೇಶಣ್ಣನ ಮಗಳಿಗೆ ರೂಮು ಬಾಡಿಗೆಗೆ ಕೊಟ್ಟರೆ ನನ್ನ ಮರ್ಯಾದೆ ಏನಾದೀತು, ನಮ್ಮ ಮನೆಗೇ ನಡೆಯಿರಿ ಅಂದನಂತೆ. ನಸ್ರೀನ್ ಚೀಲದ ಪಟ್ಟಿ ಬಿಗಿಯುತ್ತ, ‘ಇಲ್ಲಿ ತಾಲೀಮು ಆಗಂಗಿಲ್ಲ, ನಡೀರಿ ಓಡಿಹೋಗಾಣ,’ ಎಂದಳು. ಪಾರ್ವತಿಯ ಮೊಸರನ್ನದ ಡಬ್ಬಿಯ ಸಮೇತ ನಾವು ಕುರುಗೋಡಿನ ದಾರಿ ಹಿಡಿದೆವು.

ಹುಡುಗಿಯರು ದಾರಿಯುದ್ದಕ್ಕೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕೆ, ಆದರೆ ನಗುವಿನ ಅಡಿಯಲ್ಲಿ ತಣ್ಣನೆಯ ಅಂಜಿಕೆಯೊಂದು ಹರಿದಾಡುತ್ತಿತ್ತು. ಕಲ್ಲುಬೆಂಚಿನ ಮೇಲೆ ಒಂದು ಗಳಿಗೆ ಸುಮ್ಮನೆ ಕೂತರೆ ಊರೇ ಬಂದು ಯಾಕೆ ಕೂತೆ ಎಂದು ಕೇಳುವಂಥ ಸೀಮೆಯಲ್ಲಿ ನಾವು ತಾಲೀಮು ಮಾಡುತ್ತಿದ್ದೇವೆ. ಇವರು ಹೊರಟಿರುವುದು ರಾತ್ರಿಯೆಲ್ಲ ಸ್ಟೇಷನ್ನಿನಲ್ಲಿ ಕೂತರೂ ಯಾಕೆ ಎಂದು ಕೇಳದ ಊರುಗಳಿಗೆ. ನನ್ನ ನಾಲಿಗೆಯ ಮೇಲೆ ಉಹೂಂ ಬಂದು ಕೂತಿತು. ಕುರುಗೋಡು ಬರುವ ತನಕ ಅದು ಕದಲಲಿಲ್ಲ.

ಕುರುಗೋಡಿನಲ್ಲಿ ಈಗ ನನ್ನ ತವರಿನವರು ಯಾರೂ ಇಲ್ಲ. ಗುಡಿಯ ಹತ್ತಿರದ ಒಂದು ಹಳೆಯ ಛತ್ರದಲ್ಲಿ ಜಾಗ ಸಿಕ್ಕಿತು. ಒಂದೇ ದೊಡ್ಡ ಹಾಲು, ನೆಲಕ್ಕೆ ಚಾಪೆ, ಆಂಧ್ರದ ಆದವಾನಿಯ ಕಡೆಯಿಂದ ದರ್ಶನಕ್ಕೆ ಬಂದ ಮಂದಿ. ‘ಎಂಟು ಮಂಚದ ರೂಮು ಇದಕ್ಕಿಂತ ಎಷ್ಟೋ ಮೇಲು ಅಜ್ಜಿ,’ ಎಂದಳು ಸಹನಾ. ಲಾವಣ್ಯ ತೆಲುಗಿನಲ್ಲಿ ಹರಟೆ ಹೊಡೆದು ಅವರ ಪುಳಿಯೋಗರೆಯಲ್ಲಿ ನಮಗೂ ಪಾಲು ತಂದಳು. ನಾನು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದೆ.

ಬೆಳಿಗ್ಗೆ ಮೂವರೂ ಗುಡ್ಡ ಹತ್ತಿಬರುತ್ತೇವೆ ಎಂದು ಹೊರಟರು. ಬಿಸಿಲೇರುವ ಮುಂಚೆ ಬಂದುಬಿಡಿ ಎಂದೆ. ಚೀಲಗಳನ್ನೂ ಸಹನಾಳ ಫೋನನ್ನೂ ನನ್ನ ಹತ್ತಿರ ಬಿಟ್ಟುಹೋದರು. ಗುಡಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಬಣ್ಣದ ಮೂರು ಚುಕ್ಕೆಗಳು ಬಂಡೆಗಳ ನಡುವೆ ಏರಿದವು, ಸಣ್ಣಗಾದವು, ಮರೆಯಾದವು.

ಬಿಸಿಲೇರಿತು. ಚುಕ್ಕೆಗಳು ಕಾಣಲಿಲ್ಲ. ನೆರಳು ನನ್ನ ಕಾಲಿನಿಂದ ಸರಿದುಹೋಯಿತು. ನನ್ನ ಮನಸ್ಸಿನ ಕಾರ್ಖಾನೆ ಶುರುವಾಯಿತು. ಹಾವು. ಚೇಳು. ಕಾಲುಜಾರುವುದು. ಕುಡಿದು ಬಿದ್ದವರು. ಕರಡಿ. ಕರಡಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ನಾವು ಸಣ್ಣವರಿದ್ದಾಗ ಇತ್ತಲ್ಲ ಎಂದು ನಾನೇ ತಿರುಗಿ ಹೇಳಿದೆ. ನನ್ನ ಅಪ್ಪನ ಊರು, ನಾನು ಆಡಿದ ಕಲ್ಲು, ಕೂಗಿದರೆ ಹತ್ತು ಜನ ಬರುವ ಜಾಗ. ಇಲ್ಲೇ ನನಗೆ ಹೀಗಾದರೆ, ಆಷಾಢದಲ್ಲಿ ಇವಳು ಯಾವುದೋ ದೇಶದ ಗುಡ್ಡದ ಮೇಲಿದ್ದಾಗ ನಾನು ಬದುಕಿರುವುದು ಹೇಗೆ?

ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ನಡುಗಿತು. ಪರದೆಯ ಮೇಲೆ ವೀರೇಶನ ಫೋಟೋ. ಫೋನ್ ಮಾಡಬಾರದು ಎಂದು ಕಟ್ಟಳೆ ಹಾಕಿದವನೇ ಅವನು. ಎತ್ತಿದರೆ ನನ್ನ ದನಿಯಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ಎತ್ತಲಿಲ್ಲ. ಅದು ನಿಂತಿತು, ಮತ್ತೆ ನಡುಗಿತು, ಮತ್ತೆ ನಿಂತಿತು. ಬಸವಣ್ಣ, ಮೂವರೂ ಸುಖವಾಗಿ ಇಳಿದು ಬರಲಿ, ನಾನು ಉಹೂಂ ಅನ್ನುತ್ತೇನೆ, ಎಲ್ಲಿಗೂ ಕಳಿಸುವುದಿಲ್ಲ ಎಂದು ಗುಡಿಯ ಕಡೆ ತಿರುಗಿ ಕೈಮುಗಿದೆ.

ಕಣ್ಣು ತೆರೆದು ಗುಡ್ಡದ ಕಡೆ ನೋಡಿದಾಗ ಬಂಡೆಗಳ ನಡುವೆ ಅವರು ಕಂಡರು. ಮೂವರಲ್ಲ, ಒಂದೇ ಮುದ್ದೆ. ನಸ್ರೀನಳ ಎರಡು ಕೈ ಇವರಿಬ್ಬರ ಹೆಗಲ ಮೇಲೆ. ಒಂದು ಕಾಲು ನೆಲಕ್ಕೆ ಊರುತ್ತಿಲ್ಲ. ಹತ್ತು ಹೆಜ್ಜೆಗೆ ಕೂರುತ್ತಾರೆ, ಮತ್ತೆ ಏಳುತ್ತಾರೆ. ಕಡಿದಾದ ಕಡೆ ಸಹನಾ ತಾನು ಮೊದಲು ಕೂತು ಕೆಳಕ್ಕೆ ಜಾರಿ, ಅವಳ ಕಾಲನ್ನು ತನ್ನ ತೊಡೆಯ ಮೇಲೆ ಇಳಿಸಿಕೊಳ್ಳುತ್ತಾಳೆ.

ಕಟ್ಟೆಗೆ ಬಂದಾಗ ನೋಡಿದೆ. ಪಾದ ಉಬ್ಬಿತ್ತು. ಸಹನಾ ತನ್ನ ದುಪಟ್ಟಾ ಹರಿದು ಬಿಗಿಯಾಗಿ ಸುತ್ತಿದ್ದಳು. ‘ಏನಾಗಿಲ್ಲ ದಾದಿ, ಉಳುಕೈತಿ ಅಷ್ಟೇ,’ ಎಂದು ನಸ್ರೀನ್ ನಕ್ಕಳು, ನಗುತ್ತಲೇ ಹಲ್ಲು ಕಚ್ಚಿದಳು. ಲಾವಣ್ಯ ಛತ್ರದ ಮಂದಿಯಿಂದ ನೀರು ತರಲು ಓಡಿದಳು. ಸಹನಾಳ ಮುಖ ಬೂದಿ ಬಡಿದಂತಿತ್ತು. ಪಕ್ಕಕ್ಕೆ ಕರೆದು ಕೂಡಿಸಿಕೊಂಡೆ.

‘ಅಜ್ಜೀ, ಭಾಳ ಅಂಜಿಕಿ ಆತು,’ ಎಂದಳು ಸಣ್ಣ ದನಿಯಲ್ಲಿ. ‘ಮ್ಯಾಲೆ ಯಾರೂ ಇರಲಿಲ್ಲ. ಲಾವಣ್ಯನ ಫೋನಿಗೆ ಸಿಗ್ನಲ್ ಇರಲಿಲ್ಲ. ಆಕಿ ಕಾಲು ಮುರಿದೈತಿ ಅನಕೊಂಡೆ.’

‘ಮತ್ತ ಏನು ಮಾಡಿದಿ?’

‘ಮೊದ್ಲು ಅತ್ತುಬಿಟ್ಟೆ.’

‘ಆಮ್ಯಾಲ?’

‘ಆಮ್ಯಾಲ ಇಳಿಸ್ಕೊಂಡು ಬಂದೆ.’

ನಾನು ಅವಳ ಮುಖ ನೋಡುತ್ತಿದ್ದೆ. ಇಷ್ಟು ದಿನ ಈ ಹುಡುಗಿಗೆ ಅಂಜಿಕೆಯೇ ಇಲ್ಲ, ಅದಕ್ಕೇ ಹೊರಟಿದ್ದಾಳೆ, ಅದಕ್ಕೇ ನನಗೆ ಭಯ ಎಂದುಕೊಂಡಿದ್ದೆ. ಈಗ ನೋಡಿದರೆ ಅಂಜಿಕೆ ನನ್ನದೇ, ಅಚ್ಚು ನನ್ನದೇ, ಅವಳ ಮುಖದ ಮೇಲೆ ಕೂತಿತ್ತು. ಆದರೆ ನಾನು ಅಂಜಿದಾಗಲೆಲ್ಲ ಯಾರದಾದರೂ ಸೆರಗು ಹಿಡಿದುಕೊಂಡವಳು, ಕಂಬಿ ಹಿಡಿದುಕೊಂಡವಳು. ಇವಳು ಅಂಜಿದಾಗ ಗೆಳತಿಯ ಕಾಲು ಹಿಡಿದುಕೊಂಡು ಗುಡ್ಡ ಇಳಿದಿದ್ದಳು.

ಕುರುಗೋಡಿನ ಆಸ್ಪತ್ರೆಯಲ್ಲಿ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದರು. ಪಟ್ಟಿ ಕಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹೊರಟೆವು. ‘ಎಲ್ಲಾ ಮುಗೀತು ಬಿಡು,’ ಎಂದು ನಸ್ರೀನ್ ಕಿಟಕಿಯ ಆಚೆ ನೋಡುತ್ತ ಅಂದಳು. ‘ನನ್ನ ಕಾಲಿಂದ ನಿಮ್ಮಿಬ್ಬರದೂ ಹೋತು.’ ಬಸ್ಸು ಹತ್ತುವಾಗ ಬಿದ್ದಳು ಎಂದು ಹೇಳೋಣವೇ ಎಂದು ಲಾವಣ್ಯ ಮೆಲ್ಲಗೆ ಕೇಳಿದಳು. ಸಹನಾ, ‘ಬ್ಯಾಡ. ಆದದ್ದನ್ನ ಹೇಳಾಣ,’ ಎಂದು ಕಣ್ಣು ಮುಚ್ಚಿಕೊಂಡಳು.

ವೀರೇಶ ಶೆಡ್ಡಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದ. ಸಿರುಗುಪ್ಪದಿಂದ ಅವನಿಗೆ ಎಷ್ಟು ಫೋನು ಬಂದಿದ್ದವೋ, ಅವ್ವನನ್ನು ಹೊರಗೆ ಹಾಕಿದ್ದಕ್ಕೆ ಎಷ್ಟು ಜನ ಬೈದಿದ್ದರೋ. ಕುಂಟುತ್ತ ಆಟೋ ಇಳಿದ ನಸ್ರೀನಳನ್ನು ನೋಡಿ, ಓಡಿ ಬಂದು ಅವಳ ಚೀಲ ತೆಗೆದುಕೊಂಡ. ಸಹನಾ ಎಲ್ಲವನ್ನೂ ಹೇಳಿದಳು, ಒಂದು ಮಾತೂ ಬಿಡದೆ. ಗಿರಿಜಾ ಹುಡುಗಿಯರನ್ನು ಒಳಗೆ ಕರೆದೊಯ್ದು ಚಹಾಕ್ಕಿಟ್ಟಳು. ನಾನೂ ನನ್ನ ಮಗನೂ ಪಡಸಾಲೆಯಲ್ಲಿ ಉಳಿದೆವು.

‘ಹಂಗಾದ್ರ ಉಹೂಂ ಅಂದಂಗಾತು,’ ಎಂದ. ಆ ದನಿಯಲ್ಲಿ ಬೇಸರವಿರಲಿಲ್ಲ, ಹಗುರವಿತ್ತು. ಎರಡು ದಿನದಿಂದ ಹೊತ್ತದ್ದನ್ನು ಕೆಳಗಿಳಿಸಿದವನಂತೆ ಉಸಿರುಬಿಟ್ಟ. ಆಗ ನನಗೆ ಎಲ್ಲ ಕಂಡಿತು. ಅವನು ನನ್ನನ್ನು ಆರಿಸಿದ್ದು ಜರಡಿ ಎಂದಲ್ಲ. ಬೇಡ ಎಂದು ಮಗಳ ಮುಖಕ್ಕೆ ಹೇಳುವ ಎದೆ ಅವನಿಗಿರಲಿಲ್ಲ. ಅವ್ವ ಖಂಡಿತ ಹೇಳುತ್ತಾಳೆ ಎಂದು ನಂಬಿ ನನ್ನನ್ನು ಆ ಬಸ್ಸು ಹತ್ತಿಸಿದ್ದ.

‘ನಾ ಇನ್ನಾ ಬಾಯಿ ತಗದಿಲ್ಲ,’ ಎಂದೆ.

‘ತಗಿ ಹಂಗಾದ್ರ.’

‘ನನಗ ಭಾಳ ಅಂಜಿಕಿ ಆಗೈತಿ, ವೀರಾ. ಆ ಕಟ್ಟಿ ಮ್ಯಾಲೆ ಕುಂತು ಸತ್ತು ಹುಟ್ಟಿದೆ.’

‘ಅದನ್ನ ನಾ ಹೇಳಿದ್ದು. ಉಹೂಂ.’

‘ಉಹೂಂ ಅಲ್ಲ. ಹೂಂ. ಕಳಸು.’

ಅವನು ಕೊರಳಿಗೆ ಕೈ ಹಾಕಿದ. ಟೇಪು ಇರಲಿಲ್ಲ, ಅವಸರದಲ್ಲಿ ಎಲ್ಲೋ ಬಿಟ್ಟುಬಂದಿದ್ದ. ಕೈ ಸುಮ್ಮನೆ ಕೊರಳ ಮೇಲೇ ನಿಂತಿತು.

‘ಬಸವಣ್ಣಗ ಉಹೂಂ ಅಂತೀನಿ ಅಂತ ಬೇಡಿಕೊಂಡಿದ್ದೆ,’ ಎಂದೆ. ‘ಆತಗ ನಾನು ಹೇಳಿಕೊಳ್ತೀನಿ ಬಿಡು. ಅರ್ಧ ಭಕ್ತಿದು ಅಂತ ಆತಗ ಮೊದಲಿಂದನ ಗೊತ್ತೈತಿ. ಆಕೀನೂ ಅಂಜತಾಳ, ವೀರಾ. ನಮ್ಮಂಗನ ಅಂಜತಾಳ. ಅಂಜಿಕೊಂತನ ಕೆಲಸಾ ಮಾಡ್ತಾಳ. ನಮಗ ಅದು ಬರಂಗಿಲ್ಲ ಅಂತ ಆಕಿನ್ನ ಹಿಡಿದು ಕೂಡಸಾಕ ಆಗ್ತೈತೇನು?’

‘ನಿನ್ನೆಯಿಂದ ನಾನು ಊಟ ಮಾಡಿಲ್ಲವ್ವಾ,’ ಎಂದ. ‘ಸಿರುಗುಪ್ಪಕ್ಕ ಹೋದ್ರನ ಇಷ್ಟು ಅಂಜಿಕಿ ಐತಿ ನನಗ.’

‘ಗೊತ್ತೈತಪಾ. ಬಾ, ಇಲ್ಲಿ ಕುಂದ್ರು. ಅಂಜೋ ಕೆಲಸ ನಾವಿಬ್ಬರು ಹಂಚಿಕೊಂಡು ಮಾಡಾಣ. ಹುಡುಗೇರಿಗೆ ಅದಕ್ಕ ಪುರಸೊತ್ತಿಲ್ಲ.’

ಬಂದು ಮಂಚದ ಮೇಲೆ ನನ್ನ ಮಗ್ಗುಲಿಗೆ ಕೂತ. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದವರಿಗೆ ನನ್ನ ಹೂಂ ಕೇಳಿಸಿತ್ತೆಂದು ಕಾಣುತ್ತದೆ. ಮೊದಲು ಒಂದು ಕಿರುಚಾಟ, ಆಮೇಲೆ ಯಾವ ಊರಿಗೆ ಮೊದಲು ಹೋಗುವುದು ಎಂದು ಜಗಳ. ನಾನೂ ನನ್ನ ಮಗನೂ ಪಕ್ಕಪಕ್ಕ ಕೂತು, ಮನಸಾರೆ ಅಂಜಿದೆವು.